ನಿಮಗಿದು ಗೊತ್ತೆ? ಬಾಡಿದ ದ್ರಾಕ್ಷಿಯ ಕೆಂಪು ವೈನ್

ವೈನಿಗೆ ರಸಭರಿತ ತಾಜಾ ದ್ರಾಕ್ಷಿಯೇ ಬೇಕೆಂದು ಯಾರು ಹೇಳಿದರು? ಇಟಲಿಯ ‘ಅಮರೋನೆ’ಗೆ ಬೇಕಿರುವುದು ಬಾಡಿ ಸುಕ್ಕಾದ ಹಣ್ಣು. ಇದರ ತವರು ಈಶಾನ್ಯ ಇಟಲಿಯ ವೆನೆಟೊ ಪ್ರಾಂತ್ಯದ ವಾಲ್ಪೊಲಿಚೆಲ್ಲಾ, ಅಂದರೆ ವೆರೋನಾ ನಗರದ ಉತ್ತರಕ್ಕಿರುವ ಗುಡ್ಡಗಳ ಸೀಮೆ.

ಇದು ಒಂದೇ ತಳಿಯ ವೈನ್ ಅಲ್ಲ, ಮಿಶ್ರಣ. ಯಜಮಾನಿಕೆ ಕೊರ್ವಿನಾ ತಳಿಯದು. ಚೆರ್‍ರಿ ಹಣ್ಣಿನ ಪರಿಮಳ, ಹಿತವಾದ ಹುಳಿ ಅದರ ಕೊಡುಗೆ. ಜೊತೆಗೆ ಕೊರ್ವಿನೋನೆ, ರೊಂಡಿನೆಲ್ಲಾ ಸೇರುತ್ತವೆ. ಕೊಯ್ದ ಗೊಂಚಲುಗಳನ್ನು ಗಾಳಿಯಾಡುವ ಅಟ್ಟಗಳಲ್ಲಿ, ಬಿದಿರಿನ ತಟ್ಟಿ ಅಥವಾ ತಟ್ಟೆಗಳ ಮೇಲೆ ಸುಮಾರು ಮೂರು ತಿಂಗಳು ಹರಡುತ್ತಾರೆ. ತೂಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ಆವಿಯಾಗಿ ಹೋಗುತ್ತದೆ. ನಡುವೆ ಬೂಷ್ಟು ಹಿಡಿದರೆ ಶ್ರಮವೆಲ್ಲ ನೀರುಪಾಲು. ಬೆಲೆ ಏಕೆ ದುಬಾರಿ ಎಂದು ಬೇರೆ ಹೇಳಬೇಕಿಲ್ಲ.

ನೀರು ಹೋದಷ್ಟೂ ಸಕ್ಕರೆ ದಟ್ಟವಾಗುತ್ತದೆ. ಹುದುಗುವಿಕೆಯನ್ನು ಅರ್ಧಕ್ಕೇ ನಿಲ್ಲಿಸಿದರೆ ಸಿಹಿಯಾದ ‘ರೆಚೋಟೊ’. ಸಕ್ಕರೆ ಬಹುಪಾಲು ಕರಗುವ ತನಕ ಬಿಟ್ಟರೆ ಖಡಕ್ಕಾದ ಅಮರೋನೆ. ಮದ್ಯಾಂಶ ಕನಿಷ್ಠ ಶೇ 14 ಇರಲೇಬೇಕು. ಶೇ 15, 16 ಕೂಡ ಸಾಮಾನ್ಯ. ಒಣ ಅಂಜೂರ, ಚಾಕೊಲೇಟಿನ ಛಾಯೆಯ ಜೊತೆ ತುದಿಯಲ್ಲಿ ಸಣ್ಣ ಕಹಿ. ಮಾರಾಟಕ್ಕೆ ಮುನ್ನ ಕನಿಷ್ಠ ಎರಡು ವರ್ಷ ಮಾಗಿಸುವುದು ಕಡ್ಡಾಯ.

ರೆಚೋಟೊ ಪೀಪಾಯಿಯೊಂದನ್ನು ಯಾರೋ ಮರೆತು ಬಿಟ್ಟಿದ್ದರಿಂದ ಅಮರೋನೆ ಹುಟ್ಟಿತು ಎಂಬ ಕತೆ ಅಲ್ಲಿ ಜನಪ್ರಿಯ. ಸೊಗಸಾದ ಕತೆ, ಪೂರ್ತಿ ನಂಬಬೇಕಿಲ್ಲ! ಇಟಲಿಯ ವೈನ್‌ಗಳ ಅತ್ಯುನ್ನತ ದರ್ಜೆಯಾದ ‘ಡಿಒಸಿಜಿ’ ಇದಕ್ಕೆ ಸಿಕ್ಕಿದ್ದು 2010ರಲ್ಲಿ. ಹಿಂಡಿ ಉಳಿದ ಚರಟವೂ ವ್ಯರ್ಥವಲ್ಲ: ಸಾದಾ ವಾಲ್ಪೊಲಿಚೆಲ್ಲಾ ವೈನನ್ನು ಅದರ ಮೇಲೆ ಮತ್ತೆ ಹುದುಗಿಸಿ ‘ರಿಪಾಸೊ’ ಎಂಬ ಇನ್ನೊಂದು ವೈನ್ ಮಾಡುತ್ತಾರೆ.