ಪಟ್ಟಣದ ಆಯವ್ಯಯ

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ ವಸತಿಗೃಹದ ಹಿತ್ತಿಲ ಬಾವಿಯು ಚೆನ್ನಾಗಿ ನೆನಪಿರುವುದು. ಕೆಲವು ವರ್ಷಗಳ ಹಿಂದೆ ಆ ಬಾವಿಗೆ ವಿದ್ಯುತ್ ಪಂಪನ್ನು ಇಡಿಸುವುದಕ್ಕಾಗಿ ನೀವೇ ಹಣವನ್ನು ಕೂಡಿಸಿಕೊಟ್ಟಿರಿ. ಪಂಪು ಬಂದಿತು, ಸಂತೋಷಕೂಟವೂ ನಡೆಯಿತು. ಆದರೆ ಆ ವರ್ಷದ ಖರ್ಚಿನ ಅಂದಾಜಿನಲ್ಲಿ ವಿದ್ಯುತ್ತಿನ ಬಿಲ್ಲಿಗಾಗಲಿ ದುರಸ್ತಿಗಾಗಲಿ ನಾವು ಒಂದು ಕಾಸನ್ನೂ ತೆಗೆದಿಡಲಿಲ್ಲ. ಮುಂದಿನ ಬೇಸಗೆಯಲ್ಲಿ ಪಂಪು ಕೆಟ್ಟುಹೋಗಲು, ಹದಿನೈದು ದಿನಗಳ ಕಾಲ ಹುಡುಗಿಯರು ಪರೀಕ್ಷೆಯ ಪುಸ್ತಕಗಳನ್ನು ಬದಿಗಿಟ್ಟು ಹಗ್ಗವನ್ನು ಹಿಡಿಯಬೇಕಾಯಿತು. ತಪ್ಪು ನಮ್ಮದೇ. ದಾನವಾಗಿ ಬಂದ ವಸ್ತುವಿಗೂ ಪ್ರತಿವರ್ಷದ ವೆಚ್ಚ ಉಂಟೆಂಬುದನ್ನು ನಾವು ಮರೆತಿದ್ದೆವು.

ಇದೇ ಮರೆವು ಒಂದು ಪಟ್ಟಣದ ಆಡಳಿತದಲ್ಲಿ ಉಂಟಾದರೆ ಸಾವಿರಾರು ಮನೆಗಳು ಕಷ್ಟಕ್ಕೆ ಒಳಗಾಗುವುವು. ಆದುದರಿಂದ ನಗರದ ಆಯವ್ಯಯವೆಂದರೇನು, ಅದನ್ನು ಹೇಗೆ ಗೊತ್ತುಮಾಡುವರು ಎಂಬುದನ್ನು ಈ ಸಂಚಿಕೆಯಲ್ಲಿ ಸರಳವಾಗಿ ವಿವರಿಸಬೇಕೆಂದಿದ್ದೇವೆ.

ಆಯವೆಂದರೆ ಬರುವ ಹಣ. ವ್ಯಯವೆಂದರೆ ಹೋಗುವ ಹಣ. ಏಪ್ರಿಲ್ 1ರಿಂದ ಮರುವರ್ಷದ ಮಾರ್ಚ್ 31ರ ವರೆಗೆ ಬರತಕ್ಕ ಹಾಗೂ ಹೋಗತಕ್ಕ ಹಣವನ್ನು ಮುಂಗಡವಾಗಿ ಅಂದಾಜು ಮಾಡಿ ಬರೆದಿಡುವ ಪತ್ರಕ್ಕೆ ಆಯವ್ಯಯ ಪತ್ರವೆಂದು ಹೆಸರು. ಇದರಲ್ಲಿ ಎರಡು ಭಾಗಗಳುಂಟು. ಮೊದಲನೆಯದು ರಾಜಸ್ವದ ಲೆಕ್ಕ, ಎಂದರೆ ಪಟ್ಟಣವನ್ನು ದಿನದಿನವೂ ನಡೆಸುವ ಲೆಕ್ಕ. ಎರಡನೆಯದು ಬಂಡವಾಳದ ಲೆಕ್ಕ, ಎಂದರೆ ಬಹುಕಾಲ ಬಾಳತಕ್ಕವುಗಳನ್ನು ಕಟ್ಟುವ ಲೆಕ್ಕ.

ನಡೆಸುವ ಲೆಕ್ಕದಲ್ಲಿ ಆಸ್ತಿ ತೆರಿಗೆ, ಅಂಗಡಿಗಳ ಲೈಸೆನ್ಸ್ ಶುಲ್ಕ, ಮಾರುಕಟ್ಟೆಯ ಬಾಡಿಗೆ, ಸರಕಾರದ ಅನುದಾನ ಇವು ಆಯವಾಗುವುವು. ಪೌರಕಾರ್ಮಿಕರ ಸಂಬಳ, ಬೀದಿ ದೀಪಗಳು, ಕಸ ಸಾಗಿಸುವುದು, ಚರಂಡಿಗಳ ಹೂಳೆತ್ತುವುದು, ಸಾಲದ ಬಡ್ಡಿ ಇವು ವ್ಯಯವಾಗುವುವು. ಇವು ಮನೆಯ ಅಕ್ಕಿ ಬೇಳೆಗಳಿದ್ದಂತೆ. ಈ ತಿಂಗಳು ತಂದದ್ದು ಈ ತಿಂಗಳೇ ಮುಗಿಯುವುದು. ಕಟ್ಟುವ ಲೆಕ್ಕದಲ್ಲಾದರೋ ಹೊಸ ರಸ್ತೆ, ರಾಜಕಾಲುವೆ, ಆಸ್ಪತ್ರೆ, ಮಾರುಕಟ್ಟೆಯ ಕಟ್ಟಡ, ನೀರಿನ ಕೊಳವೆ ಮುಂತಾದುವು ಸೇರಿರುವುವು.

ಇವೆರಡನ್ನು ಬೇರೆಬೇರೆಯಾಗಿ ಇಡುವುದೇಕೆಂದು ಕೇಳುವಿರಿ. ಸಾಲದ ವಿಷಯದಲ್ಲಿ ಇದರ ಕಾರಣವು ಸ್ಪಷ್ಟವಾಗುವುದು. ಮೂವತ್ತು ವರ್ಷ ಬಾಳುವ ಕಾಲುವೆಗಾಗಿ ಸಾಲ ತೆಗೆದು, ಅದನ್ನು ವರ್ಷವರ್ಷವೂ ತೀರಿಸುತ್ತ ಬಂದರೆ, ಅದರ ಪ್ರಯೋಜನವನ್ನು ಪಡೆಯುವ ನಾಳಿನ ಪ್ರಜೆಗಳೂ ತಮ್ಮ ಪಾಲನ್ನು ಕೊಟ್ಟಂತಾಗುವುದು, ಇದು ನ್ಯಾಯ. ಆದರೆ ಈ ತಿಂಗಳ ಸಂಬಳಕ್ಕಾಗಿ ಸಾಲ ಮಾಡಿದರೆ ನಾವು ಉಂಡ ಊಟಕ್ಕೆ ನಮ್ಮ ಮೊಮ್ಮಕ್ಕಳು ಹಣ ತೆತ್ತಂತಾಗುವುದು; ಇದು ಅನ್ಯಾಯ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ನಡೆಸುವ ಲೆಕ್ಕಕ್ಕೆ ಸರಿಯಾದುದೇ. ಆದರೂ ಮಕ್ಕಳು ಬೆಳೆಯುತ್ತಿರುವ ಮನೆಯಲ್ಲಿ ಹಾಸಿಗೆಯನ್ನೂ ದೊಡ್ಡದಾಗಿ ಹೊಲಿಸಬೇಕಷ್ಟೆ. ಅದು ಕಟ್ಟುವ ಲೆಕ್ಕದ ಕೆಲಸ. 1997ರಲ್ಲಿ ಬೆಂಗಳೂರು ಮಹಾನಗರಪಾಲಿಕೆಯು ರಾಜ್ಯ ಸರಕಾರದ ಖಾತರಿಯ ಮೇಲೆ 125 ಕೋಟಿ ರೂಪಾಯಿಗಳ ಸಾಲಪತ್ರಗಳನ್ನು ಹೊರಡಿಸಿತು. ಭಾರತದಲ್ಲಿ ನಗರಾಡಳಿತವೊಂದು ಹೀಗೆ ಸಾಲವೆತ್ತಿದ್ದು ಅದೇ ಮೊದಲು.

ಎರಡು ಲೆಕ್ಕಗಳನ್ನು ಬೇರೆಯಾಗಿ ಬರೆದರೂ ಒಂದನ್ನು ಮರೆತು ಇನ್ನೊಂದನ್ನು ಗೊತ್ತುಮಾಡಲಾಗದು. ಒಂದು ಕೋಟಿ ರೂಪಾಯಿ ಹಾಕಿ ಹೆರಿಗೆ ಆಸ್ಪತ್ರೆಯನ್ನು ಕಟ್ಟಿದರೆಂದು ಭಾವಿಸಿರಿ. ವೈದ್ಯರು, ದಾದಿಯರು, ಔಷಧ, ವಿದ್ಯುತ್ತು, ಸುಣ್ಣಬಣ್ಣ ಇವುಗಳಿಗೆ ವರ್ಷಕ್ಕೆ 20 ಲಕ್ಷ ಬೇಕಾದರೆ, ಐದೇ ವರ್ಷಗಳಲ್ಲಿ ಕಟ್ಟಿದಷ್ಟೇ ಹಣವು ನಡೆಸುವುದಕ್ಕೂ ಆಗಿಹೋಗುವುದು. ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲು ಉಂಟು, ಮಾಲೆ ಉಂಟು, ಭಾಷಣ ಉಂಟು. ದಾದಿಯ ಸಂಬಳಕ್ಕೆ ಅವು ಯಾವುವೂ ಇಲ್ಲ. ಹೀಗಿರಲಾಗಿ ಮೊದಲನೆಯದಕ್ಕೆ ಹಣ ಹೇಗೋ ಒದಗುವುದು. ಎರಡನೆಯದಕ್ಕೆ ಒದಗದೆ ಬೀಗ ಬೀಳುವುದು.

ಬೆಂಗಳೂರಿನ ನೀರಿನ ಚರಿತ್ರೆಯು ಈ ಮಾತಿಗೆ ಒಳ್ಳೆಯ ದೃಷ್ಟಾಂತವಾಗಿರುವುದು. ಪೂರ್ವದಲ್ಲಿ ಆ ಪಟ್ಟಣವು ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿಕೊಂಡಿತ್ತು. ಅರ್ಕಾವತಿಯ ಹೆಸರಘಟ್ಟದಿಂದ ನೀರು ತರುವ ಕೆಲಸವು 1894ರಲ್ಲಿ ಆರಂಭವಾಗಿ, 1896ರಲ್ಲಿ ನೀರು ಬಂದಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು ಸಿದ್ಧವಾಯಿತು. ನೀರು ಮತ್ತು ಒಳಚರಂಡಿಯ ಕೆಲಸಕ್ಕಾಗಿ 1964ರಲ್ಲಿ ಪ್ರತ್ಯೇಕ ಮಂಡಳಿಯು ಸ್ಥಾಪಿತವಾಗಿ, 1974ರಲ್ಲಿ ಕಾವೇರಿಯ ನೀರು ಪಟ್ಟಣಕ್ಕೆ ಬಂದಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವು ಜಪಾನಿನ ಸಾಲದ ನೆರವಿನಿಂದ ನಡೆದ ಕೆಲಸ. ಪಟ್ಟಣಕ್ಕೆ ಸೇರಿಸಲ್ಪಟ್ಟ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರು ನೀರನ್ನು ಒದಗಿಸುವುದು ಇದರ ಉದ್ದೇಶ.

ಇದು ಕಟ್ಟುವ ಲೆಕ್ಕ. ಇನ್ನು ನಡೆಸುವ ಲೆಕ್ಕವನ್ನು ನೋಡಿರಿ. ಕಾವೇರಿಯು ಕೆಳಗೆ ಹರಿಯುವಳು. ಬೆಂಗಳೂರು ಎತ್ತರದ ಮೇಲಿರುವುದು. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆಗಳಲ್ಲಿ ಪಂಪುಗಳಿಂದ ಎತ್ತಿ ಎತ್ತಿ ನೀರನ್ನು ಕಳುಹಿಸಬೇಕು. ಹಗಲಿರುಳು ನಡೆಯುವ ಈ ಪಂಪುಗಳ ವಿದ್ಯುತ್ತಿನ ಬಿಲ್ಲು ಮಂಡಳಿಯ ಬಹು ದೊಡ್ಡ ಖರ್ಚು. ಹೀಗಿದ್ದರೂ 2014ರಲ್ಲಿ ಗೊತ್ತಾದ ನೀರಿನ ದರವು 2025ರ ಏಪ್ರಿಲಿನ ವರೆಗೆ ಬದಲಾಗಲಿಲ್ಲ. ಆ ನಡುವೆ ವಿದ್ಯುತ್ತಿನ ದರವಾದರೋ ಹಲವು ಬಾರಿ ಏರಿತು. ದರ ಏರಿಸುವವರನ್ನು ಜನರು ಹಳಿಯುವುದು ಸಹಜ. ಆದರೆ ದರವನ್ನು ಏರಿಸದೆ ಇದ್ದುದರಿಂದ ನೀರಿನ ಬೆಲೆಯು ಕಡಿಮೆಯಾಗಲಿಲ್ಲ. ಅದು ಇನ್ನಾರ ಮೇಲೋ, ಇನ್ನಾವ ವರ್ಷದ ಮೇಲೋ ಬಿದ್ದಿತಷ್ಟೆ.

ಹಾಗಾದರೆ ಜಾಣತನದ ಕ್ರಮ ಯಾವುದು? ಒಂದೇ ವರ್ಷವನ್ನು ನೋಡದೆ ಮುಂದಿನ ಐದಾರು ವರ್ಷಗಳ ಕಟ್ಟುವ ಕೆಲಸಗಳ ಪಟ್ಟಿಯನ್ನು ಮಾಡುವುದು. ಅವುಗಳಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಎಂದು ಗೊತ್ತುಮಾಡುವುದು. ಪ್ರತಿಯೊಂದರ ಎದುರಿಗೂ ಕಟ್ಟುವ ವೆಚ್ಚ, ಹಣದ ಮೂಲ, ಮುಗಿದ ಮೇಲಿನ ವಾರ್ಷಿಕ ವೆಚ್ಚ ಎಂಬ ಮೂರು ಅಂಕಣಗಳನ್ನು ತುಂಬುವುದು. ಸಾಲವಿದ್ದಲ್ಲಿ ಅದರ ತೀರಿಕೆಗಾಗಿ ಪ್ರತಿವರ್ಷವೂ ಒಂದು ನಿಧಿಗೆ ಹಣವನ್ನು ಹಾಕುವುದು. ಹೊಸದನ್ನು ಕಟ್ಟುವ ಮೊದಲು ಹಳೆಯದರ ದುರಸ್ತಿಗೆ ತೆಗೆದಿಡುವುದು. ಯಾಕೆಂದರೆ ಸಕಾಲದಲ್ಲಿ ಮುಚ್ಚಿದ ಸಣ್ಣ ಗುಂಡಿಯು ಮರುವರ್ಷದ ಹೊಸ ರಸ್ತೆಯ ಖರ್ಚನ್ನು ಉಳಿಸುವುದು.

ಇದೆಲ್ಲವೂ ಗಂಡಸರ ಕಚೇರಿಯ ವಿಷಯವೆಂದು ನಮ್ಮ ಹೆಣ್ಣುಮಕ್ಕಳು ತಿಳಿಯಬಾರದು. 1992ರ ಸಂವಿಧಾನ ತಿದ್ದುಪಡಿಯ ಮೇರೆಗೆ ನಗರಾಡಳಿತ ಸಭೆಗಳಲ್ಲಿ ಮೂರರಲ್ಲೊಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ಆಯುಕ್ತರು ಸಿದ್ಧಪಡಿಸಿದ ಅಂದಾಜು ಸ್ಥಾಯೀ ಸಮಿತಿಗೂ, ಅಲ್ಲಿಂದ ಸಭೆಗೂ ಬಂದಾಗ ಕೈಯೆತ್ತುವವರಲ್ಲಿ ನಮ್ಮ ಬೆಂಚುಗಳ ಮೇಲೆ ಕುಳಿತು ಕಲಿತವರೂ ಇರಬಹುದು. ಓದದೆ ಎತ್ತಿದ ಕೈಯು ಇತರರ ಹಣವನ್ನು ಕುರುಡಾಗಿ ಖರ್ಚುಮಾಡಿದ ಕೈಯೇ ಸರಿ. ಸಭೆಯಲ್ಲಿ ಕುಳಿತುಕೊಳ್ಳದವರೂ ತೆರಿಗೆ ಕೊಡುವವರಾದುದರಿಂದ ಪ್ರಶ್ನೆ ಕೇಳಲು ಬಾಧ್ಯರಾಗಿರುವರು.

ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ಮನೆಯ ತಿಂಗಳ ಲೆಕ್ಕವನ್ನು ಮಗಳ ಕೈಗೆ ಕೊಡಿರಿ. ಆಯವ್ಯಯದ ಕಾಲದಲ್ಲಿ ವೃತ್ತಪತ್ರಿಕೆಯನ್ನು ಅವಳ ಮುಂದಿಟ್ಟು, ಹೊಸ ಕಟ್ಟಡದ ಸುದ್ದಿ ಕಂಡಲ್ಲಿ ಒಂದೇ ಪ್ರಶ್ನೆಯನ್ನು ಕೇಳುವ ಅಭ್ಯಾಸ ಮಾಡಿಸಿರಿ: ಇದನ್ನು ಮುಂದಿನ ವರ್ಷ ನಡೆಸುವವರು ಯಾರು, ಯಾವ ಹಣದಿಂದ?

ನಮ್ಮ ವಸತಿಗೃಹದ ಪುಸ್ತಕದಲ್ಲಿ ಈಗ ಪಂಪಿಗಾಗಿ ಒಂದು ಪ್ರತ್ಯೇಕ ಸಾಲು ಉಂಟು. ಪ್ರತಿ ತಿಂಗಳೂ ಅದರಲ್ಲಿ ಸ್ವಲ್ಪ ಹಣವನ್ನು ಬರೆಯುತ್ತಿದ್ದೇವೆ. ಆ ಸಾಲನ್ನು ಬರೆಯುವವರು ಹತ್ತನೆಯ ತರಗತಿಯ ಹುಡುಗಿಯರೇ.