ಹಸುರು ಕಾಯಿ ಕೆಂಪಾಗುವ ಬಗೆ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿರುವ ಬಾತಿಯ ನಮ್ಮ ಮನೆಯಂಗಳದಲ್ಲಿ ದೊಣ್ಣೆಮೆಣಸಿನ ಗಿಡಗಳ ಕುಂಡಗಳಿವೆ. ಮೊದಲ ವರ್ಷ ಕಾಯಿಯೊಂದರ ಮೇಲೆ ಕಂದು ಛಾಯೆ ಮೂಡಿದುದನ್ನು ಕಂಡು, ಕೊಳೆಯಿತೆಂದು ಬಗೆದು ಕಿತ್ತೆಸೆದೆವು. ಭೌತವಿಜ್ಞಾನವನ್ನು ಬೋಧಿಸುವವನಿಗೆ ಇದು ನಾಚಿಕೆಯ ಸಂಗತಿಯೇ ಸರಿ. ಆ ಕಂದುಬಣ್ಣದ ಗುಟ್ಟಿರುವುದು ಬೆಳಕಿನಲ್ಲಿ.

ಅಂಗಡಿಯಲ್ಲಿ ದೊರೆಯುವ ಹಸುರು ಕಾಯಿ ಬಹುಮಟ್ಟಿಗೆ ಬಲಿತರೂ ಹಣ್ಣಾಗದ ಕಾಯಿಯೇ ಹೊರತು ಬೇರೆ ಜಾತಿಯದಲ್ಲ. ಅದರ ಸಿಪ್ಪೆಯಲ್ಲಿರುವ ಪತ್ರಹರಿತ್ತು ಬೆಳಕಿನ ಕೆಂಪು, ನೀಲಿ ಕಿರಣಗಳನ್ನು ಹೀರಿ ಹಸುರನ್ನು ಮರಳಿಸುತ್ತದೆ. ಹಣ್ಣಾಗುವಾಗ ಪತ್ರಹರಿತ್ತು ನಶಿಸುತ್ತ, ಕ್ಯಾಪ್ಸ್ಯಾಂತಿನ್ ಎಂಬ ಕೆಂಪು ವರ್ಣದ್ರವ್ಯವು ಹುಟ್ಟುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಹೆಸರಾಂತ ಕೆಂಪಿಗೂ ಮುಖ್ಯ ಕಾರಣ ಇದೇ. ಇದು ನೀಲಿ, ಹಸುರು ಕಿರಣಗಳನ್ನು ಹೀರುತ್ತದೆ. ಎರಡೂ ದ್ರವ್ಯಗಳು ಒಂದೇ ಸಿಪ್ಪೆಯಲ್ಲಿರುವ ಕೆಲವು ದಿನ, ಒಂದು ಬಿಟ್ಟ ಕಿರಣವನ್ನು ಇನ್ನೊಂದು ನುಂಗುತ್ತದೆ. ಮರಳಿ ಬರುವ ಬೆಳಕು ಅತ್ಯಲ್ಪ. ಕಣ್ಣಿಗೆ ಕಾಣುವುದು ಕಂದು! ಕೊಳೆತ ಭಾಗ ಮೆತ್ತಗೆ ಕುಸಿದಿರುತ್ತದೆ, ಹಣ್ಣಾಗುತ್ತಿರುವುದು ಗಟ್ಟಿಯಾಗಿ ಹೊಳೆಯುತ್ತದೆ. ಬೆರಳಿನಿಂದ ಒತ್ತಿ ನೋಡಿದರೆ ಸಾಕು.

ಹಾಗಾದರೆ ಮಾವಿನಕಾಯಿಯಂತೆ ಇದನ್ನೂ ಹುಲ್ಲಿನಲ್ಲಿಟ್ಟು ಹಣ್ಣುಮಾಡಬಹುದೆ? ಆಗದು. ಮಾವು, ಬಾಳೆ, ಟೊಮೇಟೊಗಳು ಕಿತ್ತ ಮೇಲೂ ಎಥಿಲೀನ್ ಅನಿಲವನ್ನು ಹೇರಳವಾಗಿ ಹೊರಡಿಸಿ ತಾವೇ ಪಕ್ವವಾಗುತ್ತವೆ. ದೊಣ್ಣೆಮೆಣಸಿಗೆ ಆ ಸಾಮರ್ಥ್ಯ ಕಡಮೆ. ಪೂರ್ಣ ಹಸುರಿನಲ್ಲೇ ಕಿತ್ತರೆ ಸಾಮಾನ್ಯವಾಗಿ ಸುಕ್ಕುಗಟ್ಟುತ್ತದೆ. ಅರ್ಧದಷ್ಟು ಬಣ್ಣ ತಿರುಗಿದ್ದರೆ ಮಾತ್ರ ಮನೆಯೊಳಗೆ 20–25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಉಳಿದ ಕೆಂಪು ತುಂಬಿಕೊಳ್ಳುತ್ತದೆ.

ನಮ್ಮ ಸೀಮೆಯ ಬೇಸಗೆ ಈ ಗಿಡಕ್ಕೆ ಹಿತವಲ್ಲ. ಹಗಲಿನ ಉಷ್ಣತೆ 32 ಡಿಗ್ರಿ ದಾಟಿದರೆ ಹೂಗಳು ಉದುರತೊಡಗುತ್ತವೆ. ಮಳೆಗಾಲದ ಕೊನೆಯಲ್ಲಿ ಬೀಜ ಬಿತ್ತಿ, 5–6 ವಾರದ ಸಸಿಯನ್ನು ಒಂದು ಅಡಿ ಆಳದ ಕುಂಡದಲ್ಲಿ ನೆಟ್ಟರೆ ಚಳಿಗಾಲಕ್ಕೆ ಫಲ ಬಂದೀತು. ಬೇಗ ಕೆಂಪಾಗಲೆಂದು ಎಲೆಗಳನ್ನು ಕೀಳುವವರುಂಟು. ಬಿಸಿಲು ನೇರವಾಗಿ ತಾಗಿದ ಸಿಪ್ಪೆ ಬೆಂದು, ಕಾಗದದಂತೆ ಬಿಳಚಿಕೊಳ್ಳುತ್ತದೆ.

ಬಲಿತ ಹಸುರು ಕಾಯಿ ಕೆಂಪಾಗಲು ಇನ್ನೂ 3–4 ವಾರ ಬೇಕು. ಅಷ್ಟು ಕಾಲ ಅದು ಗಿಡದ ಆಹಾರವನ್ನು ಸೆಳೆಯುವುದರಿಂದ ಹೊಸ ಕಾಯಿ ಕಚ್ಚುವುದು ಕಡಮೆ. ಆದರೆ 100 ಗ್ರಾಂ ಹಸುರು ಕಾಯಿಯಲ್ಲಿ ಸುಮಾರು 80 ಮಿಲಿಗ್ರಾಂ ಸಿ ಜೀವಸತ್ವವಿದ್ದರೆ, ಕೆಂಪಿನಲ್ಲಿ ಸುಮಾರು 125 ಇರುತ್ತದೆ. 1937ರಲ್ಲಿ ನೊಬೆಲ್ ಬಹುಮಾನ ಪಡೆದ ಹಂಗೆರಿಯ ಸೆಂಟ್-ಜಾರ್ಜಿಯವರು ಈ ಜೀವಸತ್ವವನ್ನು ರಾಶಿಯಾಗಿ ಪಡೆದುದು ಇದರ ಬಳಗದ ಕೆಂಪು ಕಾಯಿಯಿಂದಲೇ. ಈಗ ನಾವು ಗಿಡವೊಂದರಲ್ಲಿ ಎರಡು ಮೂರು ಕಾಯಿಗಳನ್ನು ಕೆಂಪಾಗಲು ಬಿಟ್ಟು, ಉಳಿದವನ್ನು ಹಸುರಿನಲ್ಲೇ ಕಿತ್ತು ಪಲ್ಯಕ್ಕೆ ಬಳಸುತ್ತೇವೆ.