ಮಗುವಿಗೂ ಚಿಕಿತ್ಸೆ, ಮನೆಗೂ ಚಿಕಿತ್ಸೆ

2024ರ ಆಗಸ್ಟ್ ತಿಂಗಳಲ್ಲಿ ಠಾಣೆ ಜಿಲ್ಲೆಯ ಬದಲಾಪುರದ ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸಂಗತಿ ಬಯಲಾದಾಗ ಜನರು ರೈಲು ಹಳಿಗಿಳಿದು ಪ್ರತಿಭಟಿಸಿದರು. ಲೋಕಲ್ ಗಾಡಿಗಳು ಗಂಟೆಗಟ್ಟಲೆ ನಿಂತವು. ಅಪರಾಧಿಗೆ ಶಿಕ್ಷೆಯಾಗಬೇಕೆಂಬುದು ನ್ಯಾಯವೇ. ಆದರೆ ಇಂತಹ ಆಘಾತಕ್ಕೆ ಗುರಿಯಾದ ಮಗುವೂ ಅದರ ಕುಟುಂಬವೂ ಚೇತರಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು.

ಕೇಂದ್ರ ಸರ್ಕಾರವು 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಪ್ರಶ್ನಿಸಲಾದ ಮಕ್ಕಳ ಪೈಕಿ ಶೇಕಡಾ 53ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಅನುಭವಿಸಿದ್ದಾಗಿ ತಿಳಿಸಿದ್ದರು. ಗಂಡುಮಕ್ಕಳೂ ಇದಕ್ಕೆ ಹೊರತಾಗಿರಲಿಲ್ಲ. ಪೀಡಕನು ಬಹುಪಾಲು ಪರಿಚಿತನೇ ಆಗಿರುವುದರಿಂದ ಮನೆಯವರು ಮರ್ಯಾದೆಗೆ ಅಂಜಿ ವಿಷಯವನ್ನು ಮುಚ್ಚಿಡುವುದುಂಟು. ಮಗುವನ್ನು ಊರಿಗೆ, ಅಜ್ಜಿಯ ಮನೆಗೆ ಕಳುಹಿಸಿಬಿಡುವುದೂ ಉಂಟು. ಮುಚ್ಚಿಟ್ಟ ನೋವು ತೀರಿಸದ ಸಾಲದಂತೆ ಬೆಳೆಯುತ್ತದೆ. ದುಃಸ್ವಪ್ನ, ನಿದ್ದೆಯಲ್ಲಿ ಮೂತ್ರವಿಸರ್ಜನೆ, ಶಾಲೆಯ ಭಯ, ಅಕಾರಣ ಸಿಡುಕು, ಮೌನ ಇವು ಅದರ ಲಕ್ಷಣಗಳಾಗಿರಬಹುದು.

ಮೊದಲನೆಯದು ದೇಹದ ಚಿಕಿತ್ಸೆ. ಏಡ್ಸ್ ರೋಗಾಣು ತಗಲುವ ಸಂಭವವಿದ್ದಲ್ಲಿ, ಅದನ್ನು ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಆದ್ದರಿಂದ ವಿಳಂಬ ಸಲ್ಲದು. ಆಸ್ಪತ್ರೆಯು ಪೊಲೀಸ್ ಕಾಗದಪತ್ರಕ್ಕಾಗಿ ಕಾಯಿಸದೆ, ಉಚಿತವಾಗಿ ಚಿಕಿತ್ಸೆ ನೀಡತಕ್ಕದ್ದು. ಬಾಲಕಿಯನ್ನು ವೈದ್ಯೆಯೇ ಪರೀಕ್ಷಿಸಬೇಕು. ತಾಯಿತಂದೆಯರು ಅಥವಾ ಮಗು ನಂಬುವ ಹಿರಿಯರು ಜೊತೆಗಿರಬೇಕು.

ಮನಸ್ಸಿನ ಗಾಯ ಮಾಯಲು ಹೆಚ್ಚು ಕಾಲ ಬೇಕು. 1971ರಲ್ಲಿ ಅಮೆರಿಕದ ಸ್ಯಾನ್ ಹೋಸೆಯಲ್ಲಿ ಹೆನ್ರಿ ಜಿಯಾರೆಟ್ಟೊ ಎಂಬ ಆಪ್ತಸಲಹೆಗಾರರು ಮಗುವಿನೊಡನೆ ಇಡೀ ಕುಟುಂಬಕ್ಕೂ ಚಿಕಿತ್ಸೆ ನೀಡುವ ಕಾರ್ಯಕ್ರಮವನ್ನು ಆರಂಭಿಸಿದರು. ಈಗ ಅನೇಕ ದೇಶಗಳಲ್ಲಿ ಅನುಸರಿಸಲಾಗುವ ಒಂದು ಪದ್ಧತಿಯಲ್ಲಿ ಸಾಮಾನ್ಯವಾಗಿ 12ರಿಂದ 16 ಭೇಟಿಗಳಿರುತ್ತವೆ. ಭಯವಾದಾಗ ಉಸಿರನ್ನು ಹತೋಟಿಗೆ ತಂದುಕೊಳ್ಳುವುದು, ಭಾವನೆಗಳನ್ನು ಹೆಸರಿಟ್ಟು ಹೇಳುವುದು, ನಡೆದುದನ್ನು ಸ್ವಲ್ಪಸ್ವಲ್ಪವಾಗಿ ವಿವರಿಸುವುದು ಇವನ್ನು ಮಗು ಕಲಿಯುತ್ತದೆ. ತಾಯಿತಂದೆಯರಿಗೆ ಪ್ರತ್ಯೇಕ ಭೇಟಿಗಳಿರುತ್ತವೆ. ತಮ್ಮ ಕೋಪ, ಪಶ್ಚಾತ್ತಾಪಗಳನ್ನು ಮಗುವಿನ ಮೇಲೆ ಹೇರದೆ ಅದರ ಮಾತನ್ನು ಆಲಿಸುವುದನ್ನು ಅವರೂ ಕಲಿಯಬೇಕಾಗುತ್ತದೆ.

ನಮ್ಮಲ್ಲಿ 2012ರ ಪೋಕ್ಸೋ ಕಾಯಿದೆಯ ಪ್ರಕಾರ ಇಂತಹ ಅಪರಾಧವನ್ನು ಅರಿತವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ, ಸಮವಸ್ತ್ರವಿಲ್ಲದ ಅಧಿಕಾರಿ ಪಡೆಯಬಹುದು. ಕನ್ನಡವಷ್ಟೇ ಬಲ್ಲ ಮಗುವಿಗೆ ಭಾಷಾಂತರಕಾರರ ನೆರವು ಕೇಳಲು ಅವಕಾಶವಿದೆ. ಮಗುವಿನ ಹೆಸರು ಹೊರಬೀಳಕೂಡದು. 1098 ಸಂಖ್ಯೆಗೆ ಕರೆಮಾಡಿದರೆ ಮಾರ್ಗದರ್ಶನ ದೊರೆಯುತ್ತದೆ. ಮಕ್ಕಳ ಕಲ್ಯಾಣ ಸಮಿತಿಯು ತನಿಖೆ, ವಿಚಾರಣೆಗಳುದ್ದಕ್ಕೂ ಜೊತೆಗಿರುವ ಸಹಾಯಕರೊಬ್ಬರನ್ನು ನೇಮಿಸಬಲ್ಲದು. ಮಹಾರಾಷ್ಟ್ರದಲ್ಲಿ 2013ರಲ್ಲಿ ಆರಂಭವಾದ ಮನೋಧೈರ್ಯ ಯೋಜನೆಯು ಆರ್ಥಿಕ ನೆರವಿಗಾಗಿ ರೂಪುಗೊಂಡುದು. ಮುಂಬಯಿಯ ಅರ್ಪಣ್ ಸಂಸ್ಥೆಯು ಇಂತಹ ಮಕ್ಕಳಿಗೂ ಕುಟುಂಬಗಳಿಗೂ ಆಪ್ತಸಲಹೆ ನೀಡುತ್ತ ಬಂದಿದೆ.

ಇವೆಲ್ಲಕ್ಕೂ ಮೊದಲು ಮಗು ಬಾಯಿಬಿಡುವುದು ಮನೆಯಲ್ಲಿ. ಡೊಂಬಿವಲಿ, ಕಲ್ಯಾಣಗಳಿಂದ ಬೆಳಗಿನ ಗಾಡಿ ಹಿಡಿದು ದುಡಿಯಲು ಹೋಗುವ ತಾಯಿತಂದೆಯರು ಸಂಜೆ ದಣಿದು ಬಂದಾಗಲೂ, ಮಗು ತಡವರಿಸಿ ಏನನ್ನಾದರೂ ಹೇಳಹೊರಟರೆ ಕುಳಿತು ಕೇಳಬೇಕು. “ಮೊದಲೇ ಏಕೆ ಹೇಳಲಿಲ್ಲ?” ಎಂದು ಗದರಿಸಬಾರದು. “ಹೇಳಿದ್ದು ಒಳ್ಳೆಯದಾಯಿತು, ಕಂದಾ, ತಪ್ಪು ನಿನ್ನದಲ್ಲ” ಎಂಬ ಮಾತಿನಿಂದಲೇ ಚಿಕಿತ್ಸೆ ಆರಂಭವಾಗುತ್ತದೆ.